ಉಪ್ಪು ತಿಂದ ಕಾರಿನ ಲೆಕ್ಕ

ಅಕ್ಟೋಬರ್ ಕಳೆಯುತ್ತ ಬಂದಂತೆ ಮಿಶಿಗನ್, ಒಹಾಯೊ, ಒಂಟಾರಿಯೊ ಕಡೆಯ ಕಾರುಪ್ರಿಯರನ್ನು ಒಂದು ಪ್ರಶ್ನೆ ಕಾಡತೊಡಗುತ್ತದೆ. ಇಪ್ಪತ್ತು ವರ್ಷ ಹಳೆಯದಾದ, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ವೇಗದ ಕಾರನ್ನು ಈ ಚಳಿಗಾಲ ಓಡಿಸುವುದೋ, ಶೆಡ್ಡಿನಲ್ಲಿ ನಿಲ್ಲಿಸಿ ಇನ್ನೊಂದು ಅಗ್ಗದ ಗಾಡಿ ಕೊಳ್ಳುವುದೋ? ಆಟೊ ಉದ್ಯಮದ ಕೆಲಸಕ್ಕೆಂದು ಡೆಟ್ರಾಯಿಟ್ ಸುತ್ತ ನೆಲೆಸಿರುವ ಕನ್ನಡಿಗರಲ್ಲೂ ಈ ಮೋಹವಿರುವವರು ಇದ್ದಾರೆ. ಮನೆಸಾಲ, ಮಕ್ಕಳ ಓದು, ಊರಿಗೆ ಕಳಿಸಬೇಕಾದ ದುಡ್ಡು ಎಲ್ಲ ತೂಗಿಸಿ ಉಳಿದದ್ದರಲ್ಲಿ ಕಾರು ಇಟ್ಟುಕೊಂಡವರಿಗೆ ಇದು ಹಣದ ಪ್ರಶ್ನೆಯೂ ಹೌದು. ಆದರೆ ಚರ್ಚೆಯೆಲ್ಲ ನಡೆಯುವುದು ಹಿಮದ ಬಗ್ಗೆ: ಜಾರುತ್ತದೆಯೇ, ದಿಬ್ಬ ಹತ್ತುತ್ತದೆಯೇ ಎಂದು. ನಾನು ಹೇಳಬೇಕೆಂದಿರುವುದು ಇಷ್ಟು: ಹಿಮಕ್ಕೆ ತಗಲುವ ಖರ್ಚು ಚಿಕ್ಕದು, ಅದು ಮೊದಲೇ ಗೊತ್ತಿರುತ್ತದೆ. ದೊಡ್ಡ ಖರ್ಚು ಉಪ್ಪಿನದು. ಅದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲವಾದ್ದರಿಂದ ಅದು ಮನೆಯ ಜಮಾಖರ್ಚಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಮೊದಲು ಹಿಮದ ಮಾತು ಮುಗಿಸಿಬಿಡೋಣ. 2001ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾದ ಬಿಎಂಡಬ್ಲ್ಯು ಇ46 ಎಂ3 ಕಾರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 3.2 ಲೀಟರಿನ ಆರು ಸಿಲಿಂಡರ್ ಎಂಜಿನ್, 333 ಅಶ್ವಶಕ್ತಿ, ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿದ ತೂಕ. ಬೇಸಿಗೆಯ ಟಯರಿನಲ್ಲಿ ಇದು ಮಂಜುಗಡ್ಡೆಯ ಮೇಲೆ ನಿಜಕ್ಕೂ ಅಪಾಯಕಾರಿ. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಂತೆ ಆ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ. ಒಳ್ಳೆಯ ಚಳಿಗಾಲದ ಟಯರು ಹಾಕಿದರೆ ಅದೇ ಕಾರು ಸಮಾಧಾನವಾಗಿ ಓಡುತ್ತದೆ, ಸಾಮಾನ್ಯ ಟಯರಿನ ನಾಲ್ಕು ಚಕ್ರ ಚಾಲನೆಯ ಗಾಡಿಗಿಂತ ಚೆನ್ನಾಗಿ ನಿಲ್ಲುತ್ತದೆ ಕೂಡ. ಬ್ರೇಕ್ ಒತ್ತಿದಾಗ ಕಾರನ್ನು ನಿಲ್ಲಿಸುವುದು ಟಯರು. ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟಯರು ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲದಿದ್ದರೂ 2016ರಿಂದ ವಿಮಾ ಕಂಪನಿಗಳು ಇವಕ್ಕೆ ರಿಯಾಯಿತಿ ಕೊಡಲೇಬೇಕು. ನಾಲ್ಕು ಟಯರು, ನಾಲ್ಕು ಹಳೆಯ ರಿಮ್ಮು: ಐದು ಚಳಿಗಾಲಕ್ಕೆ ಒಂದು ಸಲದ ಖರ್ಚು.

ಇನ್ನು ಉಪ್ಪು. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ರಸ್ತೆಗೆ ಉಪ್ಪು ಚೆಲ್ಲಿ ಪರೀಕ್ಷಿಸಿತು. ಇಂದು ಅಮೆರಿಕದ ರಸ್ತೆಗಳ ಮೇಲೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಬೀಳುತ್ತದೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಒಂದು ಉಪ್ಪಿನ ಗಣಿ ಇದೆ. ಕಾರು ಕಟ್ಟಿದ ಊರು ಕಾರು ತಿನ್ನುವ ವಸ್ತುವಿನ ಮೇಲೆಯೇ ಕುಳಿತಿದೆ. ಸಾದಾ ಉಪ್ಪು ಸೊನ್ನೆಗಿಂತ ಒಂಬತ್ತು ಹತ್ತು ಡಿಗ್ರಿ ಕೆಳಗಿನವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಕಡು ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ದ್ರಾವಣಗಳನ್ನು ಸಿಂಪಡಿಸುತ್ತಾರೆ. ಕಾರಿನ ಮಟ್ಟಿಗೆ ಇವು ಇನ್ನೂ ಕೆಟ್ಟವು, ಏಕೆಂದರೆ ಗಾಳಿಯ ತೇವವನ್ನು ತಾವೇ ಹೀರಿಕೊಂಡು ತಗಡಿನ ಮೇಲೆ ಹಸಿಯಾಗಿಯೇ ಉಳಿಯುತ್ತವೆ. ತುಕ್ಕು ಎಂಬುದು ಮೂಲದಲ್ಲಿ ಒಂದು ಸಣ್ಣ ವಿದ್ಯುತ್ ಕ್ರಿಯೆ. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ಅದು ಹೇಗೂ ನಡೆಯುತ್ತದೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಅದು ಬಹಳ ಬಿರುಸಾಗುತ್ತದೆ. ಮಂಗಳೂರು, ಕಾರವಾರದ ಕಡೆ ಮನೆಯಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಉಪ್ಪುಗಾಳಿ ಕಿಟಕಿಯ ಸರಳುಗಳನ್ನು ಏನು ಮಾಡುತ್ತದೆಂದು ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ. ಇಲ್ಲಿ ಗಾಳಿಯ ಬದಲು ಚಕ್ರಗಳೇ ಆ ಉಪ್ಪುನೀರನ್ನು ಕಾರಿನ ಹೊಟ್ಟೆಯ ಸಂದುಗೊಂದುಗಳಿಗೆಲ್ಲ ಎರಚುತ್ತವೆ.

ಹಣದ ದೃಷ್ಟಿಯಿಂದ ನೋಡಿದರೆ ಹಳೆಯ ಕಾರಿನಲ್ಲಿ ಎರಡು ಭಾಗಗಳಿವೆ. ಎಂಜಿನ್, ಗೇರ್‌ಬಾಕ್ಸ್, ಬುಷ್, ಶಾಕ್ ಅಬ್ಸಾರ್ಬರ್ ಮುಂತಾದವು ಸವೆಯುತ್ತವೆ, ದುಡ್ಡು ಕೊಟ್ಟರೆ ಹೊಸದು ಸಿಗುತ್ತದೆ. ಬಾಡಿ ಹಾಗಲ್ಲ. ಒಂದಕ್ಕೊಂದು ವೆಲ್ಡ್ ಆದ ಆ ತಗಡಿನ ಗೂಡೇ ಕಾರಿನ ಅಸಲು, ಮಿಕ್ಕದ್ದೆಲ್ಲ ಅದಕ್ಕೆ ಜೋಡಿಸಿದ ಸಾಮಾನು. ಎಂ3ಯಲ್ಲಂತೂ ಹಿಂದಿನ ಆಕ್ಸಲ್ಲಿನ ಚೌಕಟ್ಟು ಸೇರುವ ನೆಲದ ತಗಡು ಉಪ್ಪಿಲ್ಲದೆಯೂ ಬಿರುಕು ಬಿಡುವುದಕ್ಕೆ ಹೆಸರಾದದ್ದು. ಅದನ್ನು ಬಲಪಡಿಸಬೇಕೆಂದರೆ ಗಟ್ಟಿ ಲೋಹ ಇರಬೇಕು, ತುಕ್ಕಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ. ಜೊತೆಗೆ, ತುಕ್ಕು ಕಾಣಿಸಿಕೊಳ್ಳುವುದು ತಡವಾಗಿ. ಗೆದ್ದಲು ಹಿಡಿದ ಬಾಗಿಲಿನ ಹಾಗೆ ಹೊರಗೆ ಬಣ್ಣ ನೆಟ್ಟಗಿರುತ್ತದೆ, ಚಕ್ರದ ಕಮಾನಿನ ಒಳಮಡಿಕೆಯಲ್ಲಿ, ಜ್ಯಾಕ್ ಕೊಡುವ ಜಾಗದಲ್ಲಿ ಒಳಗಿನಿಂದಲೇ ತಿಂದುಹೋಗಿರುತ್ತದೆ. ಬಣ್ಣದ ಮೇಲೆ ಗುಳ್ಳೆ ಎದ್ದ ದಿನ ಹಾನಿ ಶುರುವಾದದ್ದಲ್ಲ, ಅರ್ಧ ಮುಗಿದದ್ದು. ಅಮೆರಿಕದ ಚಾಲಕರ ಸಂಘ ಎಎಎ 2017ರಲ್ಲಿ ಅಂದಾಜು ಮಾಡಿದಂತೆ ರಸ್ತೆ ಉಪ್ಪಿನ ತುಕ್ಕು ರಿಪೇರಿಗೆ ಜನ ವರ್ಷಕ್ಕೆ 300 ಕೋಟಿ ಡಾಲರ್ ತೆರುತ್ತಿದ್ದರು, ಒಂದೊಂದು ರಿಪೇರಿಗೆ ಸರಾಸರಿ 500 ಡಾಲರಿನಷ್ಟು. ಅದು ರಿಪೇರಿಯ ಲೆಕ್ಕ ಮಾತ್ರ. ಮಾರುವಾಗ ಕಳೆದುಕೊಳ್ಳುವ ಬೆಲೆ ಅದರಲ್ಲಿಲ್ಲ, ನಮ್ಮಂಥವರ ನಷ್ಟದ ಬಹುಪಾಲು ಇರುವುದು ಅಲ್ಲೇ.

ಈಗ ಅಂಕಿಗಳನ್ನು ಇಟ್ಟು ನೋಡೋಣ. ಇವು ಉದಾಹರಣೆಯ ಅಂಕಿಗಳು. ಓದುಗರು ತಮ್ಮವನ್ನು ಹಾಕಿಕೊಳ್ಳಲಿ. ತುಕ್ಕಿಲ್ಲದ ಎಂ3ಯ ಬೆಲೆ 30,000 ಡಾಲರ್, ಐದು ಚಳಿಗಾಲ ಉಪ್ಪು ತಿಂದ ಮೇಲೆ 18,000 ಎಂದಿಟ್ಟುಕೊಳ್ಳಿ. ನಷ್ಟ 12,000, ಅಂದರೆ ವರ್ಷಕ್ಕೆ 2,400. ಟಯರಿನ ಪಾಲು 240, ತುಕ್ಕು ತಡೆಯುವ ಎಣ್ಣೆ ಹೊಡೆಸಲು 160 ಸೇರಿಸಿದರೆ ವರ್ಷಕ್ಕೆ 2,800. ಇತ್ತ ಚಳಿಗಾಲಕ್ಕೆಂದು ಒಂದು ಡಕೋಟಾ ಗಾಡಿಯನ್ನು 5,000ಕ್ಕೆ ಕೊಂಡು ಐದು ವರ್ಷದ ಮೇಲೆ 1,500ಕ್ಕೆ ಮಾರಿದರೆ ವರ್ಷಕ್ಕೆ 700 ಹೋಗುತ್ತದೆ. ಅದಕ್ಕೆ ವಿಮೆ 900, ಟಯರು ಸೇರಿ ರಿಪೇರಿ 700, ನೋಂದಣಿ 100. ಒಟ್ಟು 2,400. ಶೆಡ್ಡಿನಲ್ಲಿ ನಿಂತ ಎಂ3ಗೆ ಐದು ತಿಂಗಳು ಓಡಿಸುವ ವಿಮೆ ನಿಲ್ಲಿಸಿ ಕಳ್ಳತನ, ಬೆಂಕಿಯ ರಕ್ಷಣೆ ಮಾತ್ರ ಉಳಿಸಿಕೊಂಡರೆ 200 ಮಿಗುತ್ತದೆ. ಉಳಿದದ್ದು 2,200. ವ್ಯತ್ಯಾಸ ವರ್ಷಕ್ಕೆ 600 ಡಾಲರ್, ಎರಡನೆಯ ಗಾಡಿಯ ಪರವಾಗಿ. ಆದರೆ ಅದೇ ಎಂ3 ಆಗಲೇ ಕಮಾನಿನಲ್ಲಿ ತುಕ್ಕು ಹಿಡಿದು 10,000ಕ್ಕೆ ಇಳಿದಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ. ಇನ್ನು ಐದು ಚಳಿಗಾಲ ಕಂಡು 7,000ಕ್ಕೆ ಬಂದರೂ ನಷ್ಟ ವರ್ಷಕ್ಕೆ 600, ಟಯರು ಎಣ್ಣೆ ಸೇರಿ 1,000. ಅಂಥ ಕಾರಿಗಾಗಿ ಇನ್ನೊಂದು ಗಾಡಿ ಸಾಕುವುದು ಶುದ್ಧ ನಷ್ಟ. ಈ ಅಂಕಿಗಳಲ್ಲಿ ಗಡಿರೇಖೆ ಇರುವುದು 9,000 ಡಾಲರಿನಲ್ಲಿ: ಐದು ವರ್ಷದಲ್ಲಿ ತುಕ್ಕಿಗೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವಂತಿದ್ದರೆ ನಿಲ್ಲಿಸಿ, ಕಡಿಮೆಯಿದ್ದರೆ ಓಡಿಸಿ. ಎಂದರೆ ಕೇಳಬೇಕಾದದ್ದು ಕಾರು ಎಷ್ಟು ಚೆನ್ನಾಗಿ ಹಿಮದಲ್ಲಿ ಓಡುತ್ತದೆ ಎಂದಲ್ಲ, ಅದರಲ್ಲಿ ಕಳೆದುಕೊಳ್ಳಲು ಇನ್ನೂ ಎಷ್ಟು ಉಳಿದಿದೆ ಎಂದು. ಮನೆಯಲ್ಲಿ ಆಗಲೇ ಇನ್ನೊಂದು ಕಾರಿದ್ದು ಇಬ್ಬರೂ ಹೊಂದಿಸಿಕೊಳ್ಳಬಹುದಾದರೆ, ಅಥವಾ ಟೊರೊಂಟೊದಂಥ ಊರಲ್ಲಿ ಬಸ್ಸು ರೈಲಿನಲ್ಲಿ ಕೆಲಸಕ್ಕೆ ಹೋಗಬಹುದಾದರೆ ಈ ತಲೆನೋವೇ ಇಲ್ಲ. ಮಿಶಿಗನ್ನಿನಲ್ಲಿ ಮಾತ್ರ ವಿಮೆಯ ಸಾಲನ್ನು ಎಚ್ಚರದಿಂದ ತುಂಬಿ. ಅಮೆರಿಕದ ಅತಿ ದುಬಾರಿ ವಿಮೆಯ ರಾಜ್ಯಗಳಲ್ಲಿ ಅದೊಂದು, ಎರಡನೆಯ ಗಾಡಿಯ ಲಾಭವನ್ನೆಲ್ಲ ವಿಮೆಯೊಂದೇ ನುಂಗಿಬಿಡಬಹುದು.

ಇದಕ್ಕೆ ಗಟ್ಟಿಯಾದ ಆಕ್ಷೇಪ ಎಣ್ಣೆಯ ಕಡೆಯಿಂದ ಬರುತ್ತದೆ. ವರ್ಷಕ್ಕೊಮ್ಮೆ ತೆಳುವಾದ ಎಣ್ಣೆ ಅಥವಾ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಲೇಪ ಹೊಡೆಸಿ, ವಾರಕ್ಕೊಮ್ಮೆ ಅಡಿ ತೊಳೆಸಿದರೆ ತುಕ್ಕು ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಆಗ 2,400ರ ನಷ್ಟ 1,200ಕ್ಕೆ ಇಳಿಯುತ್ತದೆ, ಡಕೋಟಾ ಗಾಡಿ ಯಾಕೆ ಬೇಕು ಎಂದು ಕೇಳುತ್ತಾರೆ. ಲೇಪ ಕೆಲಸ ಮಾಡುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಕಾರನ್ನು ಎಂದೂ ಮಾರುವುದಿಲ್ಲ ಎಂದು ನಿಶ್ಚಯಿಸಿದವರಿಗೆ ಈ ವಾದ ಸರಿ ಎಂದೇ ಒಪ್ಪುತ್ತೇನೆ. ಮಾರುವವರಿಗೆ ಮಾತ್ರ ಅದು ಪೂರ್ತಿ ಸಲ್ಲದು. ಇಂಥ ಕಾರು ಕೊಳ್ಳುವವನು ತುಕ್ಕನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ, ತುಕ್ಕಿನ ಅನುಮಾನಕ್ಕೂ ಬೆಲೆ ಇಳಿಸುತ್ತಾನೆ. ಮುಚ್ಚಿದ ತಗಡಿನೊಳಗೆ ಏನಿದೆ ಎಂದು ಅವನಿಗೆ ಕಾಣುವುದಿಲ್ಲ, ಕಾರು ಯಾವ ರಾಜ್ಯದಲ್ಲಿ ನೋಂದಣಿಯಾಗಿತ್ತು ಎಂಬುದು ದಾಖಲೆಯಲ್ಲಿ ಕಾಣುತ್ತದೆ. ಟೆಕ್ಸಸ್, ಆರಿಜೋನಾದ ಕಾರುಗಳಿಗೆ ಹೆಚ್ಚು ಬೆಲೆ ಬರುವುದು ಇದೇ ಕಾರಣಕ್ಕೆ. ಒಣ ದಿನ ಮಾತ್ರ ಓಡಿಸುತ್ತೇನೆ ಎಂಬುವರಿಗೆ ಇನ್ನೊಂದು ಮಾತು: ಜನವರಿಯ ಒಣ ರಸ್ತೆ ಬೆಳ್ಳಗಿರುವುದು ಉಪ್ಪಿನ ಪುಡಿಯಿಂದ. ಆ ಪುಡಿ ಸಂದುಗಳಲ್ಲಿ ಕೂತು ಮುಂದಿನ ತೇವಕ್ಕಾಗಿ ಕಾಯುತ್ತದೆ. ತೊಳೆಯದ ಕಾರನ್ನು ಬೆಚ್ಚಗಿನ ಗ್ಯಾರೇಜಿಗೆ ತಂದು ನಿಲ್ಲಿಸುವುದಂತೂ ಹೊರಗೆ ಕೊರೆಯುವ ಚಳಿಯಲ್ಲಿ ಬಿಡುವುದಕ್ಕಿಂತ ಕೆಟ್ಟದು, ಏಕೆಂದರೆ ಬಿಸಿ ಹೆಚ್ಚಿದಷ್ಟೂ ತುಕ್ಕಿನ ಕ್ರಿಯೆ ಚುರುಕಾಗುತ್ತದೆ.

ಕಾರು ಇರುವುದೇ ಓಡಿಸುವುದಕ್ಕೆ, ಬಟ್ಟೆ ಹೊದಿಸಿ ಪೂಜೆ ಮಾಡುವುದಕ್ಕಲ್ಲ ಎಂಬ ಮಾತು ನನಗೂ ಹಿಡಿಸುತ್ತದೆ. ವರ್ಷಕ್ಕೆ ಐದು ತಿಂಗಳು ಆ ಸುಖ ಬಿಡುವುದು ಸಣ್ಣ ತ್ಯಾಗವಲ್ಲ. ವರ್ಷಕ್ಕೆ 600 ಡಾಲರ್ ಕೊಟ್ಟು ಹಿಮದ ದಿನಗಳಲ್ಲೂ ಆ ಎಂಜಿನ್ನಿನ ದನಿ ಕೇಳಬೇಕು ಎನ್ನುವವರಿದ್ದರೆ, ಅದು ಖರ್ಚೆಂದು ತಿಳಿದು ಮಾಡಿದ ಖರ್ಚು, ತಪ್ಪೇನಿಲ್ಲ. ಆದರೆ ಅವರು ವಿಮೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ವಿಶೇಷ ಕಾರುಗಳಿಗೆ ಮೊದಲೇ ಬೆಲೆ ಒಪ್ಪಿಕೊಂಡು ಕೊಡುವ ಪಾಲಿಸಿಗಳಿವೆ. ಮಿಶಿಗನ್ನಿನ ಟ್ರಾವರ್ಸ್ ಸಿಟಿಯ ಹ್ಯಾಗರ್ಟಿ ಕಂಪನಿ ಇದಕ್ಕೇ ಹೆಸರಾದದ್ದು. ಅಂಥ ಪಾಲಿಸಿಗಳು ಸಾಮಾನ್ಯವಾಗಿ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸಬಾರದು, ಅದಕ್ಕೆ ಬೇರೆ ಗಾಡಿ ಇರಬೇಕು ಎಂಬ ಷರತ್ತು ಹಾಕುತ್ತವೆ. ಚಳಿಗಾಲವೂ ಸೇರಿ ದಿನಾ ಓಡಿಸುವ ಎಂ3 ಸಾದಾ ಪಾಲಿಸಿಗೆ ಬೀಳುತ್ತದೆ. ಮಂಜಿನಲ್ಲಿ ಯಾರೋ ಬಂದು ಗುದ್ದಿ ಕಾರು ಪೂರ್ತಿ ಹೋದರೆ ಆಗ ಸಿಗುವುದು ಇಪ್ಪತ್ತು ವರ್ಷ ಹಳೆಯ ಕಾರಿನ ಅಂದಿನ ಪೇಟೆ ಬೆಲೆ, ಅದೂ ವಿಮೆಯವರು ಲೆಕ್ಕ ಹಾಕಿದ ಬೆಲೆ. ನೀವು ಬುಷ್ಷಿಗೆ, ಕ್ಲಚ್ಚಿಗೆ, ನೆಲದ ವೆಲ್ಡಿಂಗಿಗೆ ಸುರಿದದ್ದು ಅದರಲ್ಲಿ ವಾಪಸು ಬರುವುದು ಕಷ್ಟ.

ಗಡಿರೇಖೆಯ ಕೆಳಗಿನ ಕಾರಿನವರಿಗೆ, ಅಂದರೆ ಆಗಲೇ ತುಕ್ಕು ಹಿಡಿದದ್ದನ್ನು ಚಳಿಗಾಲಪೂರ್ತಿ ಓಡಿಸಲು ಹೊರಟವರಿಗೆ, ಒಂದೇ ಜಾಗದಲ್ಲಿ ದುಡ್ಡು ಬಿಚ್ಚಿ ಎನ್ನುತ್ತೇನೆ: ಬ್ರೇಕ್ ಲೈನುಗಳಲ್ಲಿ. ಜನರಲ್ ಮೋಟರ್ಸಿನ 1999ರಿಂದ 2003ರವರೆಗಿನ ಪಿಕಪ್ ಮತ್ತು ಎಸ್‌ಯುವಿಗಳಲ್ಲಿ ಉಕ್ಕಿನ ಬ್ರೇಕ್ ಲೈನುಗಳು ಉಪ್ಪಿಗೆ ತೂತಾಗುತ್ತಿವೆ ಎಂಬ ದೂರುಗಳ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ತನಿಖೆ ಮಾಡಿತು. 2015ರಲ್ಲಿ ಅದು ಕಾರುಗಳನ್ನು ವಾಪಸು ಕರೆಸುವ ಆದೇಶ ಕೊಡದೆ ತನಿಖೆ ಮುಗಿಸಿತು. ಇದು ವಯಸ್ಸಿನಿಂದ ಬರುವ ಸವೆತ, ಅಡಿ ತೊಳೆಸಿ, ಲೈನುಗಳನ್ನು ತಪಾಸಣೆ ಮಾಡಿಸಿ ಎಂದು ಮಾಲೀಕರಿಗೆ ಹೇಳಿತು. ಹಳೆಯ ಕಾರಿನ ಈ ಹೊಣೆ ಕಂಪನಿಯದಲ್ಲ, ನಿಮ್ಮದು ಎಂಬುದು ಅದರ ಅರ್ಥ. ಪೆನ್ಸಿಲ್ವೇನಿಯಾದಲ್ಲಿ ವಾಹನಗಳ ಕಡ್ಡಾಯ ತಪಾಸಣೆ ಇರುವುದರಿಂದ ಯಾರಾದರೊಬ್ಬರು ಅಡಿಗೆ ಬಗ್ಗಿ ನೋಡುತ್ತಾರೆ. ಮಿಶಿಗನ್ನಿನಲ್ಲಿ ಅಂಥ ತಪಾಸಣೆಯಿಲ್ಲ, ಪೆಡಲ್ಲು ನೆಲಕ್ಕೆ ಇಳಿದುಹೋಗುವವರೆಗೂ ಯಾರೂ ಎಚ್ಚರಿಸುವುದಿಲ್ಲ. ತುಕ್ಕು ಹಿಡಿಯದ ತಾಮ್ರ ನಿಕ್ಕಲ್ ಮಿಶ್ರಲೋಹದ ಪೈಪುಗಳು ಸಿಗುತ್ತವೆ, ಗ್ಯಾರೇಜಿನವರು ಬಗ್ಗಿಸಿ ಕೂರಿಸಲು ಉಕ್ಕಿಗಿಂತ ಸುಲಭ. ತೂತಾದದ್ದನ್ನು ಮಾತ್ರ ಬದಲಿಸದೆ ಎಲ್ಲ ಲೈನುಗಳನ್ನೂ ಒಟ್ಟಿಗೆ, ಮೊದಲ ಉಪ್ಪಿನ ಲಾರಿ ರಸ್ತೆಗೆ ಇಳಿಯುವ ಮುಂಚೆ ಹಾಕಿಸಿಬಿಡಿ.