ಹೊರಗಿನಿಂದ ಕರೆ ಮಾಡಿ ನೋಡದೆ ದುಡ್ಡು ಕೊಡಬೇಡಿ

ಅಂಗಡಿಗೆ, ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸಲು ಹೊರಟಿರುವ ವ್ಯಾಪಾರಿ ಮಿತ್ರರು ಇದನ್ನು ಓದಲೇಬೇಕು. ಹುಬ್ಬಳ್ಳಿಯಲ್ಲಿ ನಮ್ಮದು ಔಷಧಿ ಹೋಲ್‌ಸೇಲ್. ಕಲಘಟಗಿ, ಕುಂದಗೋಳ, ನವಲಗುಂದದ ಮೆಡಿಕಲ್ ಅಂಗಡಿಯವರು ಬೆಳಗ್ಗೆ ಫೋನಿನಲ್ಲೇ ಆರ್ಡರ್ ಬರೆಸುತ್ತಾರೆ, ಮಧ್ಯಾಹ್ನದ ಬಸ್ಸಿಗೆ ಮಾಲು ಹೋಗಬೇಕು.

ಇಂಟರ್ನೆಟ್ ಫೋನ್ ಬೇಕೆಂದು ಹಟ ಹಿಡಿದವನು ತಮ್ಮ. ಖರ್ಚು ಇಳಿಯುತ್ತದೆ, ಎಂಗೇಜ್ ಬರುವುದಿಲ್ಲ, ಆರ್ಡರೆಲ್ಲ ರೆಕಾರ್ಡ್ ಆಗುತ್ತದೆ ಎಂದ. ಅದು ಸುಳ್ಳೇನಲ್ಲ. ಆದರೆ 0836ರ ಹಳೆಯ ಲೈನುಗಳನ್ನೆಲ್ಲ ಸರೆಂಡರ್ ಮಾಡೋಣ ಎಂದಾಗ ನಾನು ಒಪ್ಪಲಿಲ್ಲ. ಮೊಬೈಲ್ ನಂಬರಿನಂತೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವ ಸೌಲಭ್ಯ ನಮ್ಮ ದೇಶದಲ್ಲಿಲ್ಲ. ಎಷ್ಟೋ ವರ್ಷಗಳಿಂದ ಬಿಲ್ಲಿನ ಮೇಲೆ ಅಚ್ಚಾಗುತ್ತಿದ್ದ ನಂಬರನ್ನು ಒಮ್ಮೆ ಬಿಟ್ಟರೆ ಬಿಟ್ಟಂತೆಯೇ. ಒಂದು ಲೈನಾದರೂ ಇರಲಿ ಎಂದು ಗಟ್ಟಿಯಾಗಿ ಕುಳಿತೆ. ಮನೆಯಲ್ಲಿ ಎಲ್ಲರೂ ನನ್ನನ್ನು ಹಳೇ ಕಾಲದವನು ಎಂದರು.

ಫೋನ್ ಕೂಡಿಸಲು ಬಂದ ಏಜೆನ್ಸಿಯವನು ಕೌಂಟರಿನಿಂದ ಗೋಡೌನಿಗೆ, ಗೋಡೌನಿನಿಂದ ನನ್ನ ಟೇಬಲ್ಲಿಗೆ ಕರೆ ಮಾಡಿ ತೋರಿಸಿದ. ಧ್ವನಿ ಗಂಟೆ ಹೊಡೆದಂತೆ ಸ್ಪಷ್ಟವಾಗಿತ್ತು. ಸಹಿ ಮಾಡಿಸಿಕೊಂಡು, ಚೆಕ್ ತೆಗೆದುಕೊಂಡು ಹೋದ.

ಮರುದಿನ ಬೆಳಗ್ಗೆ ಫೋನ್‌ಗಳು ಎಂದಿನಂತೆ ರಿಂಗಾದವು. ಎತ್ತಿದರೆ ಆ ಕಡೆಯಿಂದ ಉಸಿರಿನ ಸದ್ದೂ ಇಲ್ಲ. ನಮ್ಮ ಹುಡುಗರು "ಹೇಳ್ರಿ, ಹೇಳ್ರಿ" ಎನ್ನುತ್ತಲೇ ಇದ್ದರು. ಅರ್ಧ ನಿಮಿಷ ಆಗುತ್ತಿದ್ದಂತೆ ಕರೆ ತಾನಾಗಿ ಕಟ್. ರಿಸೀವರ್ ಇಡುವುದರೊಳಗೆ ಮತ್ತೊಂದು ಕರೆ, ಅದೂ ಹಾಗೆಯೇ. ಕೆಲವರಿಗೆ ನಮ್ಮ ಮೊಬೈಲಿನಿಂದ ತಿರುಗಿ ಫೋನ್ ಮಾಡಿ ಆರ್ಡರ್ ಬರೆದುಕೊಂಡೆವು. ಎಲ್ಲರಿಗೂ ಮಾಡಲಾಗಲಿಲ್ಲ. ಏಜೆನ್ಸಿಯವನಿಗೆ ಕೇಳಿದರೆ ತಪ್ಪು ಇಂಟರ್ನೆಟ್‌ನವರದು ಎಂದ. ಇಂಟರ್ನೆಟ್‌ನವರು ನಮ್ಮ ಲೈನ್ ಸರಿ ಇದೆ, ಫೋನ್ ಹಾಕಿದವರನ್ನು ಕೇಳಿ ಎಂದರು.

ಸಂಜೆ ಗೋಡೌನಿನ ಮೂಲೆಯಲ್ಲಿದ್ದ ಹಳೆಯ ಲ್ಯಾಂಡ್‌ಲೈನ್ ಬಾರಿಸಿತು. ಕಲಘಟಗಿ ಕಡೆಯ ಅಂಗಡಿಯವರು. "ಮುಂಜಾನಿ ನಿಮ್ಮ ಹುಡುಗ ಹೇಳ್ರಿ, ಹೇಳ್ರಿ ಅಂದ. ನಾ ಪೂರಾ ಲಿಸ್ಟ್ ಹೇಳೀನಿ. ಇನ್ಸುಲಿನ್ ಎಲ್ಲಿ ಐತ್ರಿ? ಪೇಷಂಟ್ ಕಡೆಯವರು ಅಂಗಡಿ ಮುಂದ ಕುಂತಾರ" ಎಂದರು. ನನ್ನ ಎದೆ ಧಸಕ್ಕೆಂದಿತು. ನಮ್ಮ ಮಾತು ಅವರಿಗೆ ಕೇಳಿಸುತ್ತಿತ್ತು, ಅವರದು ನಮಗೆ ಕೇಳಿಸುತ್ತಿರಲಿಲ್ಲ! ಪಾಪ, ಆ ಮನುಷ್ಯ ಖಾಲಿ ಲೈನಿಗೆ ಆರ್ಡರ್ ಬರೆಸಿ, ಮಾಲು ಬರುತ್ತದೆಂದು ದಾರಿ ನೋಡಿದ್ದರು. ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಔಷಧಿ. ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಹಾಕಿ, ಹುಡುಗನನ್ನು ಬೈಕಿನಲ್ಲಿ ಓಡಿಸಿದೆ. ಆ ಒಂದು ಲೈನೂ ಇಲ್ಲದಿದ್ದರೆ ಏನಾಗುತ್ತಿತ್ತೋ, ಊಹಿಸಲಿಕ್ಕೂ ಭಯವಾಗುತ್ತದೆ.

ಕೊನೆಗೆ ರೋಗ ಹಿಡಿದದ್ದು ಪರಿಚಯದ ಒಬ್ಬ ನೆಟ್‌ವರ್ಕ್ ಎಂಜಿನಿಯರ್ ಹುಡುಗ. ಈ ಫೋನಿನಲ್ಲಿ ಕರೆ ಜೋಡಿಸುವ ಸಂದೇಶ ಬೇರೆ, ಧ್ವನಿ ಸಾಗುವ ದಾರಿ ಬೇರೆ. ಧ್ವನಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂಬುದು ಆ ಸಂದೇಶದೊಳಗಿರುತ್ತದೆ. ನಮ್ಮ ರೂಟರಿನಲ್ಲಿ 'ಸಿಪ್ ಎಎಲ್‌ಜಿ' ಎಂಬ ಆಯ್ಕೆ ಆನ್ ಆಗಿತ್ತು. ವಿಳಾಸ ತಿದ್ದಿ ನೆರವಾಗಬೇಕಾದ ಅದು ವಿಳಾಸವನ್ನೇ ಕೆಡಿಸುತ್ತಿತ್ತು. ಹಾಗಾಗಿ ಅವರ ಧ್ವನಿ ನಮಗೆ ಮುಟ್ಟುತ್ತಿರಲಿಲ್ಲ. ಕರೆ ಎತ್ತಿದ್ದಕ್ಕೆ ಬರಬೇಕಾದ ಮರುಸಂದೇಶವೂ ಬರುತ್ತಿರಲಿಲ್ಲ, 32 ಸೆಕೆಂಡ್ ಕಾದು ಯಂತ್ರವೇ ಕರೆ ಕಡಿಯುತ್ತಿತ್ತು. ಒಳಗಿನ ಕರೆಗಳು ರೂಟರ್ ದಾಟಿ ಹೊರಗೆ ಹೋಗುವುದೇ ಇಲ್ಲ. ಅದಕ್ಕೇ ಏಜೆನ್ಸಿಯವನ ಪರೀಕ್ಷೆ ಪಾಸಾಗಿತ್ತು. ಇದನ್ನೇ ಕಸುಬು ಮಾಡಿಕೊಂಡವನಿಗೆ ಇಷ್ಟು ಗೊತ್ತಿರಬಾರದೇ? ಆ ಹುಡುಗ ಆಯ್ಕೆಯನ್ನು ಆಫ್ ಮಾಡಿದ ಮೇಲೆ ಎಲ್ಲವೂ ಸರಿಹೋಯಿತು.

ನೀವು ಹಾಕಿಸುವಾಗ ಹೊರಗಿನ ಮೊಬೈಲಿನಿಂದ ಕರೆ ಮಾಡಿಸಿ. ಎರಡೂ ಕಡೆ ಕೇಳಿಸುತ್ತದೆಯೇ ನೋಡಿ, ಒಂದು ನಿಮಿಷ ದಾಟುವವರೆಗೂ ಮಾತಾಡಿ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಇದಕ್ಕೆ ಹಾಗಿಲ್ಲ. ರೂಟರ್, ಫೈಬರ್ ಡಬ್ಬಿ, ಸ್ವಿಚ್ ಮೂರಕ್ಕೂ ಯುಪಿಎಸ್ ಬೇಕು. ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ 100 ಕೆಬಿಪಿಎಸ್ ಧಾರಾಳ ಸಾಕು, ದೊಡ್ಡ ಪ್ಲಾನಿಗೆ ಮರುಳಾಗಬೇಡಿ. ವಿದೇಶಿ ಕರೆ ಬೇಡವಾದರೆ ಬಂದ್ ಮಾಡಿಸಿ. ಸುಲಭದ ಪಾಸ್‌ವರ್ಡ್ ಇದ್ದರೆ ಕಳ್ಳರು ರಾತ್ರಿಯಿಡೀ ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಕರೆ ಮಾಡುತ್ತಾರೆ.

ಇಂಟರ್ನೆಟ್ ಫೋನ್ ಒಳ್ಳೆಯದೇ, ನಾವೂ ಅದನ್ನೇ ಬಳಸುತ್ತಿದ್ದೇವೆ. ಆದರೆ ಹೊರಗಿನ ಕರೆಯಲ್ಲಿ ಎರಡೂ ಕಡೆಯ ಮಾತು ಕೇಳಿಸುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ. ಯಾರು ಏನೇ ಅಂದರೂ ಒಂದು ಹಳೆಯ ಲೈನ್ ಇಟ್ಟುಕೊಳ್ಳಿ.