ಶಕ್ತಿ ಕಿತ್ತುಕೊಂಡವರು ಯಾರು, ದೇವರೋ ನೀವೋ?

ಪ್ರಶ್ನೆ: ನನಗೆ 29 ವರ್ಷ, ಸಾಫ್ಟ್‌ವೇರ್ ಕೆಲಸ. ಮೂರು ವರ್ಷದಿಂದ ಶನಿವಾರ ಸಂಜೆ ಐದು ಜನ ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ. ಕತೆ ನಡೆಸುವ ಡಿಎಂ ನಾನು. ಕಾಲೇಜಿನ ಕಾಲದ ಗೆಳೆಯನೊಬ್ಬನದು ಪ್ಯಾಲಡಿನ್ ಪಾತ್ರ. ಧರ್ಮ ಕಾಯುತ್ತೇನೆಂದು ಪ್ರತಿಜ್ಞೆ ಮಾಡಿದ ಯೋಧ. ಹೋದ ತಿಂಗಳು, ಕತ್ತಿ ಕೆಳಗಿಟ್ಟು ಶರಣಾದ ಒಬ್ಬ ಪುಟ್ಟ ರಕ್ಕಸ ಗಾಬ್ಲಿನ್‌ನನ್ನು ಅವನು ನಗುತ್ತಾ ಕೊಂದ. ತಮ್ಮನೊಬ್ಬ ಕಾಯುತ್ತಿದ್ದಾನೆ, ಬಿಟ್ಟುಬಿಡಿ ಎಂದು ಗಾಬ್ಲಿನ್ ಬೇಡಿಕೊಂಡರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. 'ನಿನ್ನ ದೇವರು ನಿನ್ನ ಶಕ್ತಿಯನ್ನೆಲ್ಲ ಕಿತ್ತುಕೊಂಡ' ಎಂದುಬಿಟ್ಟೆ. 'ಆಟ ಕಣೋ ಇದು' ಎಂದು ಎದ್ದು ಹೋದವನು ಮತ್ತೆ ಬಂದಿಲ್ಲ. ಇವನು ಒಳಗೊಳಗೇ ಇಂಥವನಾ ಎಂಬ ಸಂಶಯ ಒಂದು ಕಡೆ, ನಾನೇ ಅತಿ ಮಾಡಿದೆನಾ ಎಂಬ ಅಳುಕು ಇನ್ನೊಂದು ಕಡೆ. ನಿದ್ದೆ ಸರಿಯಾಗಿ ಬರುತ್ತಿಲ್ಲ. 'ದಾಳ ಉರುಳಿಸೋ ಆಟಕ್ಕೆ ಇಷ್ಟೊಂದಾ?' ಎಂದು ಹೆಂಡತಿ ನಗುತ್ತಾಳೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಾನಂತೂ ನಗುವುದಿಲ್ಲ. ಮೂರು ವರ್ಷದ ಶನಿವಾರಗಳನ್ನು ಕೊಟ್ಟು ಕಟ್ಟಿದ ಲೋಕ ಅದು. ಅಲ್ಲಿ ಏನಾದರೂ ಮುರಿದರೆ ನೋವಾಗದಿದ್ದರೇ ಆಶ್ಚರ್ಯ.

ನಿಮ್ಮ ಪತ್ರ ಓದುವಾಗ ನನಗೆ ಹೊಳೆದ ಒಂದು ಮಾತನ್ನು ಮೊದಲು ಹೇಳುತ್ತೇನೆ. ಆ ಗಾಬ್ಲಿನ್ ಬೇಡಿಕೊಂಡದ್ದು ಯಾರ ದನಿಯಲ್ಲಿ? ನಿಮ್ಮದೇ ದನಿಯಲ್ಲಿ. ಡಿಎಂ ಆದವರು ಊರಿನ ಗೌಡನಿಂದ ಹಿಡಿದು ಡ್ರ್ಯಾಗನ್‌ವರೆಗೆ ಎಲ್ಲರ ಬಾಯಾಗಬೇಕಲ್ಲ. 'ಬಿಟ್ಟುಬಿಡಿ' ಎಂದು ನೀವು ಕೇಳಿದಿರಿ, ಎದುರಿಗೆ ಕೂತ ಗೆಳೆಯ ನಕ್ಕ. ಅವನು ನಕ್ಕದ್ದು ಕಾಗದದ ಮೇಲಿನ ಪ್ರಾಣಿಯನ್ನು ನೋಡಿ. ಆದರೆ ನಿಮ್ಮ ಮೈ ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ. ಉರಿ ಹತ್ತಿದ್ದು ಧರ್ಮಭಂಗಕ್ಕಿಂತ ಹೆಚ್ಚಾಗಿ ಅಲ್ಲಿಂದ ಇರಬಹುದೇ? ಯೋಚಿಸಿ ನೋಡಿ.

ಅವನು ಒಳಗೆ ಇಂಥವನಾ ಎಂಬ ಸಂಶಯದ ಬಗ್ಗೆ. ಯಕ್ಷಗಾನದಲ್ಲಿ ರಾತ್ರಿಯಿಡೀ ಕೀಚಕನಾಗಿ ಅಬ್ಬರಿಸಿದವರು ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಭೀಮನ ಪಕ್ಕದಲ್ಲೇ ಚಹಾ ಕುಡಿಯುತ್ತಾರೆ. ನಿಮ್ಮ ಆಟಕ್ಕೆ ಚೌಕಿಯೂ ಇಲ್ಲ, ಬಣ್ಣವೂ ಇಲ್ಲ. ಪಾತ್ರ ಎಲ್ಲಿ ಮುಗಿಯಿತು, ಗೆಳೆಯ ಎಲ್ಲಿ ಶುರುವಾದ ಎಂದು ತಿಳಿಯುವುದು ಕಷ್ಟ. ವಾರವೆಲ್ಲ ಆಫೀಸಿನಲ್ಲಿ ಬಗ್ಗಿ ನಡೆದವನು ಶನಿವಾರ ಒಂದು ಗಳಿಗೆ ಕ್ರೂರನಾಗಿ ನೋಡಿದ್ದರೆ ಅಷ್ಟರಿಂದಲೇ ಅವನು ಕ್ರೂರಿಯಾಗುವುದಿಲ್ಲ. ಮೇಜಿನ ಆಚೆಗೂ, ಮನೆಯವರ ಹತ್ತಿರ, ಬೀದಿನಾಯಿಯ ಹತ್ತಿರ ಅದೇ ನಗು ಕಂಡರೆ ಆಗ ಮಾತು ಬೇರೆ. ಅಂಥದ್ದೇನೂ ನೀವು ಬರೆದಿಲ್ಲ.

ಹಾಗೆಂದು ಕೊಂದದ್ದಕ್ಕೆ ಫಲವೇ ಇರಬಾರದೇ? ಇರಬೇಕು. ಏನು ಮಾಡಿದರೂ ನಡೆಯುತ್ತದೆ ಎನ್ನುವ ಕತೆಯಲ್ಲಿ ವೀರನಾಗಿರುವುದಕ್ಕೆ ಅರ್ಥವೇನು? ಆದರೆ ಫಲ ಬೇರೆ, ಶಿಕ್ಷೆ ಬೇರೆ. ಫಲ ಕತೆಯ ಒಳಗಿನಿಂದ ಬರುತ್ತದೆ. ಶಿಕ್ಷೆ ಮೇಜಿನ ತುದಿಯಲ್ಲಿ ಕೂತವರ ಸಿಟ್ಟಿನಿಂದ ಬರುತ್ತದೆ. ಧರ್ಮರಾಯನನ್ನು ನೆನೆಯಿರಿ. ದ್ರೋಣನಿಗೆ ಅರ್ಧ ಸುಳ್ಳು ಹೇಳಿದ ಕ್ಷಣ, ನೆಲದಿಂದ ನಾಲ್ಕು ಬೆರಳು ಮೇಲೆ ಸಾಗುತ್ತಿದ್ದ ಅವನ ರಥ ನೆಲ ಮುಟ್ಟಿತು. ಅಷ್ಟೇ. ರಥವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಯುದ್ಧ ನಡೆಯಿತು. ಲೆಕ್ಕ ತೀರಿದ್ದು ಎಷ್ಟೋ ಕಾಲದ ಮೇಲೆ, ಸ್ವರ್ಗಕ್ಕೆ ಹೋದವನು ನರಕವನ್ನೂ ಕಾಣಬೇಕಾದಾಗ.

ನಿಮ್ಮ ಆಟವೂ ಈ ವಿಷಯದಲ್ಲಿ ಬದಲಾಗುತ್ತಾ ಬಂದಿದೆ. 1978ರ ನಿಯಮಪುಸ್ತಕದಲ್ಲಿ ಪ್ಯಾಲಡಿನ್ ಬೇಕೆಂದೇ ದುಷ್ಕೃತ್ಯ ಮಾಡಿದರೆ ಮುಗಿಯಿತು, ಮರಳಿ ಪ್ಯಾಲಡಿನ್ ಆಗುವಂತಿಲ್ಲ. 2014ರದ್ದು ಹಾಗಲ್ಲ: ಪ್ರತಿಜ್ಞೆ ಮುರಿದವನು ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಬಹುದು, ರಾತ್ರಿಯಿಡೀ ಪ್ರಾರ್ಥನೆಯಲ್ಲಿ ಜಾಗರಣೆ ಕೂರಬಹುದು, ಕ್ಷಮೆ ಪಡೆದು ಮತ್ತೆ ಹೊಸದಾಗಿ ಶುರುಮಾಡಬಹುದು. ಪಶ್ಚಾತ್ತಾಪದ ಸುಳಿವೇ ಇಲ್ಲದವನಿಗೆ ಮಾತ್ರ ಕಠಿಣ ದಾರಿ. ಕೆಲವು ಆಟಗಳಂತೂ ಲೆಕ್ಕವನ್ನು ಎಲ್ಲರ ಕಣ್ಣೆದುರೇ ಇಡುತ್ತವೆ. 1991ರಲ್ಲಿ ಬಂದ 'ವ್ಯಾಂಪೈರ್: ದ ಮಾಸ್ಕ್ವೆರೇಡ್'ನಲ್ಲಿ ಪಾತ್ರದ ಮನುಷ್ಯತ್ವವೇ ಹಾಳೆಯ ಮೇಲೆ ಒಂದು ಅಂಕಿ, ಕ್ರೌರ್ಯ ಹೆಚ್ಚಿದಂತೆ ಅದು ಇಳಿಯಬಹುದು ಎಂದು ಆಡುವವರಿಗೆ ಮೊದಲೇ ಗೊತ್ತು. ನಿಮ್ಮ ಗೆಳೆಯನಿಗೆ ಗೊತ್ತಿತ್ತೇ? ಕತ್ತಿ ಎತ್ತಿದಾಗ 'ನಿನ್ನ ಪ್ರತಿಜ್ಞೆ ನೆನಪಿದೆಯಾ? ಹೊಡೆಯುತ್ತೀಯಾ?' ಎಂದು ಒಂದು ಸಲ ಕೇಳಿದ್ದರೆ, ನಿರ್ಧಾರ ಅವನದಾಗುತ್ತಿತ್ತು. ಇದು ನಿಮ್ಮ ಕಡೆಯ ಲೋಪ. ದೊಡ್ಡದಲ್ಲ, ಆದರೆ ಒಪ್ಪಿಕೊಳ್ಳಬೇಕಾದದ್ದು.

ಈ ವಾರ ಅವನಿಗೆ ಫೋನ್ ಮಾಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಡ, ನಾಲ್ಕು ಜನರ ಮುಂದೆ ಯಾರೂ ಸೋಲಲು ಒಪ್ಪುವುದಿಲ್ಲ. ಗಾಬ್ಲಿನ್ ವಿಷಯ ಆಮೇಲೆ ಇರಲಿ. 'ಸಿಟ್ಟಿನಲ್ಲಿ ಹೇಳಿಬಿಟ್ಟೆ, ಮೊದಲು ನಿನ್ನನ್ನು ಕೇಳಬೇಕಿತ್ತು' ಎನ್ನಿ. ನಿಮಗೆ ಎಲ್ಲಿ ನೋವಾಯಿತು ಎನ್ನುವುದನ್ನೂ ಹೇಳಿ. ಅವನಿಗೆ ಅದರ ಅರಿವೇ ಇಲ್ಲದಿರಬಹುದು. ನಂತರ ಐವರೂ ದಾಳ ಮುಟ್ಟದೆ ಒಂದು ಸಂಜೆ ಕೂರಿ. ಆಟಕ್ಕೆ ಮೊದಲು ಹೀಗೆ ಕೂತು ಮಾತಾಡಿಕೊಳ್ಳುವುದನ್ನು ನಿಮ್ಮವರು ಸೆಷನ್ ಝೀರೋ ಎನ್ನುತ್ತಾರಲ್ಲ, ಅದು ಶುರುವಿಗೆ ಮಾತ್ರ ಮೀಸಲಲ್ಲ. ಎಂಥ ಕತೆ ಬೇಕು, ಯಾವ ಕ್ರೌರ್ಯ ತೆರೆಯ ಹಿಂದೆ ಇರಲಿ, ಯಾವುದು ಬೇಡವೇ ಬೇಡ ಎಂದು ಮಾತಾಡಿಕೊಳ್ಳಿ. ಸೆರೆಸಿಕ್ಕವನನ್ನು ಕೊಲ್ಲುವ ಆಟವೇ ಅವರಿಗೆಲ್ಲ ಇಷ್ಟವಾದರೆ, ಡಿಎಂ ಕುರ್ಚಿಯನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು ನಿಮಗೂ ಇದೆ.

ನಿದ್ದೆಯ ಮಾತು. ಜಗಳ ತಿಳಿಯಾದ ಮೇಲೂ ಎರಡು ಮೂರು ವಾರ ಹೀಗೇ ಇದ್ದರೆ, ಇದರ ಬೇರು ಶನಿವಾರದ ಮೇಜಿನಲ್ಲಿಲ್ಲ ಎಂದುಕೊಂಡು ಆಪ್ತಸಮಾಲೋಚಕರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗೆಳೆಯ ಮರಳಿ ಬಂದರೆ, ಗಾಬ್ಲಿನ್‌ನ ಆ ತಮ್ಮನನ್ನು ಮರೆಯಬೇಡಿ. ಅಣ್ಣ ಬರಲಿಲ್ಲವೆಂದು ಅವನು ಹುಡುಕಿಕೊಂಡು ಬರಲಿ, ದಾರಿಯಲ್ಲಿ ಸಿಕ್ಕ ಪ್ಯಾಲಡಿನ್‌ನನ್ನೇ 'ಸ್ವಾಮಿ, ನೀವೇನಾದರೂ ನೋಡಿದಿರಾ?' ಎಂದು ಕೇಳಲಿ. ಆಮೇಲೆ ನೀವು ಸುಮ್ಮನಿರಿ. ಉತ್ತರ ಅವನು ಕೊಡಲಿ.