ಬೇಕರಿಗೆ ಯೀಸ್ಟ್ ಆಯ್ಕೆ: ಹಸಿಯೋ, ಒಣಗಿದ್ದೋ, ದ್ರವರೂಪದ್ದೋ?

ಅಂತರಘಟ್ಟೆಯ ದೇವಿಯ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಹೊರಡುವ ದಿನಗಳಲ್ಲಿ ಅಜ್ಜಂಪುರ, ತರೀಕೆರೆ, ಬೀರೂರು, ಕಡೂರುಗಳ ಬೇಕರಿಯವರಿಗೆ ಬಿಡುವೆಂಬುದು ಇರುವುದಿಲ್ಲ. ಬನ್ನು, ಬ್ರೆಡ್ಡು, ರಸ್ಕುಗಳಿಗೆ ಒಮ್ಮೆಲೇ ಬೇಡಿಕೆ ಏರುವ ಅಂತಹ ದಿನದಲ್ಲಿಯೇ ಕಲಸಿದ ಹಿಟ್ಟು ಉಬ್ಬದೆ ಕುಳಿತರೆ ನಷ್ಟವಾಗುವುದು ಮೈದಾ, ಸಕ್ಕರೆ, ಡಾಲ್ಡಾಗಳ ಬೆಲೆ ಮಾತ್ರವಲ್ಲ. ಆ ದಿನದ ವ್ಯಾಪಾರವೂ, ಅಂಗಡಿಗಳಿಗೆ ಕೊಟ್ಟ ಮಾತೂ ಕೈತಪ್ಪುತ್ತವೆ. ಒಂದು ಮೂಟೆ ಮೈದಾಕ್ಕೆ ಬೀಳುವ ಯೀಸ್ಟಿನ ಖರ್ಚು ಒಟ್ಟು ಖರ್ಚಿನಲ್ಲಿ ಅತ್ಯಲ್ಪ. ಆದರೆ ಆ ಅತ್ಯಲ್ಪ ವಸ್ತುವೇ ಇಡೀ ಮೂಟೆಯ ಹಣೆಬರಹವನ್ನು ನಿರ್ಧರಿಸುತ್ತದೆ. ಹೀಗಿದ್ದರೂ ನಮ್ಮಲ್ಲಿ ಅನೇಕರು ಯೀಸ್ಟನ್ನು ವಿತರಕರು ಕೊಟ್ಟದ್ದನ್ನು ಕೊಂಡು ರೂಢಿಯ ಅಳತೆಯಲ್ಲಿ ಹಾಕುವುದೇ ಹೆಚ್ಚು. ಪ್ರಸ್ತುತ ಲೇಖನದಲ್ಲಿ ಈ ಆಯ್ಕೆಯನ್ನು ಲೆಕ್ಕಾಚಾರದಿಂದ ಮಾಡುವ ಬಗೆಯನ್ನು ವಿವರಿಸಲು ಪ್ರಯತ್ನಿಸಲಾಗಿದೆ.

ಯೀಸ್ಟ್ ಎಂಬುದು ರಾಸಾಯನಿಕ ಪುಡಿಯಲ್ಲ, ಜೀವಂತ ಏಕಕೋಶ ಶಿಲೀಂಧ್ರ. ಒಂದು ಗ್ರಾಂ ಹಸಿ ಯೀಸ್ಟಿನಲ್ಲಿ ಸುಮಾರು ಸಾವಿರ ಕೋಟಿ ಕೋಶಗಳಿರುತ್ತವೆ. ಇವು ಸಕ್ಕರೆಯನ್ನು ಸೇವಿಸಿ ಇಂಗಾಲದ ಡೈಆಕ್ಸೈಡನ್ನೂ ಮದ್ಯಸಾರವನ್ನೂ ಬಿಡುತ್ತವೆ. ಬೇಕರಿಯವರಿಗೆ ಬೇಕಾದುದು ಮೊದಲನೆಯದು, ಬಿಯರ್ ತಯಾರಕರಿಗೆ ಬೇಕಾದುದು ಎರಡನೆಯದು. ನಮ್ಮ ಮನೆಗಳ ಇಡ್ಲಿ ಹಿಟ್ಟು ಉಬ್ಬುವುದು ಬಹುಮಟ್ಟಿಗೆ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ. ಆದುದರಿಂದ ಇಡ್ಲಿ ಹಿಟ್ಟಿನ ಅನುಭವವನ್ನು ಹಾಗೆಯೇ ಬ್ರೆಡ್ಡಿಗೆ ಅನ್ವಯಿಸಲಾಗದು.

ಬಿಯರ್ ಮತ್ತು ಬ್ರೆಡ್ಡಿನ ಯೀಸ್ಟ್ ಹಿಂದೆ ಒಂದೇ ಆಗಿತ್ತು. ಯೂರೋಪಿನ ರೊಟ್ಟಿಗಾರರು ಬಿಯರ್ ಪೀಪಾಯಿಯ ನೊರೆಯನ್ನೇ ತಂದು ಹಿಟ್ಟಿಗೆ ಬೆರೆಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾದ ತಯಾರಕರು ಯೀಸ್ಟನ್ನು ಪ್ರತ್ಯೇಕವಾಗಿ ಬೆಳೆಸಿ, ನೀರು ಹಿಂಡಿ, ಗಟ್ಟಿ ಇಟ್ಟಿಗೆಯಂತೆ ಮಾರಲು ತೊಡಗಿದರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಅವರು ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸುವ ವಿಧಾನವನ್ನು ಕಂಡುಹಿಡಿದ ಬಳಿಕ ಇಬ್ಬರ ದಾರಿಯೂ ಬೇರೆಯಾಯಿತು. ಇಂದು ವಿದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ಮಾಡುವವರು ನೂರಾರು ದ್ರವ ತಳಿಗಳಿಂದ ಆರಿಸಿಕೊಳ್ಳುತ್ತಾರೆ. ಗೋಧಿ ಬಿಯರಿನ ಒಂದು ತಳಿ ಬಾಳೆಹಣ್ಣಿನ ವಾಸನೆ ಕೊಟ್ಟರೆ, ಇನ್ನೊಂದು ಬೇಗ ತಳಕ್ಕಿಳಿದು ಬಿಯರನ್ನು ತಿಳಿಗೊಳಿಸುತ್ತದೆ. ನಮ್ಮ ರಾಜ್ಯದಲ್ಲಿ ಮಾತ್ರ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಆ ಉದ್ಯಮ ಬೆಂಗಳೂರಿನ ಪರವಾನಗಿ ಪಡೆದ ಕಿರು ಬ್ರೂವರಿಗಳಂಥವರಿಗೆ ಸೇರಿದ್ದು. ಆದರೂ ಅವರ ಒಂದು ಅಭ್ಯಾಸ ನಮಗೆ ಪಾಠವಾಗಬಲ್ಲದು: ಅವರು ಯೀಸ್ಟನ್ನು ತೂಕದಿಂದಲ್ಲ, ಜೀವಂತ ಕೋಶಗಳ ಸಂಖ್ಯೆಯಿಂದ ಲೆಕ್ಕ ಹಾಕುತ್ತಾರೆ.

ಉದಾಹರಣೆಗೆ, 20 ಲೀಟರ್ ಸಾಧಾರಣ ಏಲ್ ಬಿಯರಿಗೆ ಸುಮಾರು 18 ಸಾವಿರ ಕೋಟಿ ಕೋಶಗಳು ಬೇಕು. ಮಾರುಕಟ್ಟೆಯ ಒಂದು ದ್ರವ ಯೀಸ್ಟ್ ಪೊಟ್ಟಣದಲ್ಲಿ ಹೊಸತಿದ್ದಾಗ ಇರುವುದು ಸುಮಾರು 10 ಸಾವಿರ ಕೋಟಿ ಮಾತ್ರ. ಅದೂ ತಿಂಗಳು ಕಳೆದಂತೆ ಗಣನೀಯವಾಗಿ ಇಳಿಯುತ್ತದೆ. ಆದುದರಿಂದ ಅವರು ತಯಾರಿಕೆಯ ದಿನಾಂಕವನ್ನು ಮೊದಲು ನೋಡಿ, ಕೊರತೆಯಿದ್ದರೆ ಒಂದೆರಡು ದಿನ ಮೊದಲೇ ಸಣ್ಣ ಪ್ರಮಾಣದ ಮಾಲ್ಟ್ ದ್ರಾವಣದಲ್ಲಿ ಯೀಸ್ಟನ್ನು ಬೆಳೆಸಿಕೊಳ್ಳುತ್ತಾರೆ. ಪೊಟ್ಟಣದ ಮೇಲಿನ ತೂಕ ಎಂದಿಗೂ ಬದಲಾಗದು. ಒಳಗಿನ ಜೀವಬಲ ಮಾತ್ರ ದಿನದಿನಕ್ಕೂ ಇಳಿಯುತ್ತಿರುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಬೇಕರಿ ಯೀಸ್ಟ್ ಮುಖ್ಯವಾಗಿ ಮೂರು ರೂಪಗಳಲ್ಲಿ ದೊರೆಯುತ್ತದೆ. ದ್ರವ ಅಥವಾ ಕ್ರೀಮ್ ಯೀಸ್ಟಿನಲ್ಲಿ ಘನಾಂಶ ಸುಮಾರು ಶೇ. 18ರಿಂದ 20. ಇದನ್ನು ಶೀತಲ ಟ್ಯಾಂಕರಿನಲ್ಲಿ ತಂದು ಶೀತಲ ತೊಟ್ಟಿಯಲ್ಲಿ ಶೇಖರಿಸಬೇಕು. ದಿನಕ್ಕೆ ಟನ್ನುಗಟ್ಟಲೆ ಮೈದಾ ಬಳಸುವ ಬ್ರೆಡ್ ಕಾರ್ಖಾನೆಗಳಿಗೆ ಹೊರತು ನಮಗೆ ಇದು ಒಗ್ಗದು. ಹಸಿ ಯೀಸ್ಟ್ ಎಂದು ನಾವು ಕರೆಯುವ ಒತ್ತಿದ ಯೀಸ್ಟಿನಲ್ಲಿ ಘನಾಂಶ ಸುಮಾರು ಶೇ. 30, ಉಳಿದದ್ದು ನೀರು. ಒಣ ಯೀಸ್ಟಿನಲ್ಲಿ ಘನಾಂಶ ಶೇ. 92ಕ್ಕೂ ಹೆಚ್ಚು. ಒಣದರಲ್ಲಿಯೂ ಎರಡು ಬಗೆಯುಂಟು: ಬಿಸಿನೀರಿನಲ್ಲಿ ನೆನೆಸಿ ಬಳಸುವ ಕಾಳಿನಂಥದ್ದು ಹಳೆಯದು, ನೇರವಾಗಿ ಹಿಟ್ಟಿಗೆ ಬೆರೆಸಬಹುದಾದ ಇನ್‌ಸ್ಟಂಟ್ ಬಗೆ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದದ್ದು. ಬೇಕರಿ ಯೀಸ್ಟಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 1320 ಎಂಬ ಮಾನಕವನ್ನು ನಿಗದಿಪಡಿಸಿದೆ.

ಇವೆರಡರಲ್ಲಿ ಯಾವುದು ಅಗ್ಗ? ಕಿಲೋ ಬೆಲೆಯನ್ನು ನೋಡಿದರೆ ಹಸಿ ಯೀಸ್ಟೇ ಅಗ್ಗವೆಂದು ತೋರುತ್ತದೆ. ಆದರೆ ಹೋಲಿಕೆ ಕಿಲೋಗಲ್ಲ, ಮೂಟೆಗೆ ಮಾಡಬೇಕು. 100 ಕಿಲೋ ಮೈದಾಕ್ಕೆ ಹಸಿ ಯೀಸ್ಟ್ ಎರಡೂವರೆ ಕಿಲೋ ಬೇಕಾಗುವಲ್ಲಿ ಇನ್‌ಸ್ಟಂಟ್ ಯೀಸ್ಟ್ ಸುಮಾರು 830 ಗ್ರಾಂನಿಂದ ಒಂದು ಕಿಲೋ ಸಾಕು. ಅರ್ಥಾತ್, ಇನ್‌ಸ್ಟಂಟ್ ಯೀಸ್ಟಿನ ಕಿಲೋ ಬೆಲೆ ಹಸಿ ಯೀಸ್ಟಿನ ಬೆಲೆಯ ಎರಡೂವರೆ ಪಟ್ಟಿಗಿಂತ ಕಡಿಮೆಯಿದ್ದರೆ ಒಣದೇ ಅಗ್ಗ. ಮೂರು ಪಟ್ಟಿಗಿಂತ ಹೆಚ್ಚಾದರೆ ಕಾಗದದ ಮೇಲೆ ಹಸಿಯೇ ಅಗ್ಗ. ನಡುವಿನದು ನಿಮ್ಮ ಹಿಟ್ಟಿನ ಅನುಭವದಿಂದ ತೀರ್ಮಾನವಾಗತಕ್ಕದ್ದು.

ಕಾಗದದ ಮೇಲೆ ಎಂದು ಹೇಳಲು ಕಾರಣವಿದೆ. ತಂದ ಹಸಿ ಯೀಸ್ಟಿನಲ್ಲಿ ಐದರಲ್ಲೊಂದು ಪಾಲು ಕೆಟ್ಟು ತಿಪ್ಪೆಗೆ ಹೋಗುತ್ತದೆಂದು ಇಟ್ಟುಕೊಳ್ಳೋಣ. ಆಗ ಬಳಕೆಗೆ ಬಂದ ಯೀಸ್ಟಿನ ನಿಜವಾದ ಬೆಲೆ ಕಾಲುಪಾಲು ಏರಿತು. ಎರಡೂವರೆ ಪಟ್ಟಿನ ಗೆರೆ ಮೂರು ಪಟ್ಟಿಗೂ ಮೇಲಕ್ಕೆ ಸರಿಯಿತು. ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ನಷ್ಟ ಕಾಲ್ಪನಿಕವಲ್ಲ. ಹಸಿ ಯೀಸ್ಟನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಮೂರು ನಾಲ್ಕು ವಾರ ಬಾಳುತ್ತದೆ, ಆ ಅವಧಿಯಲ್ಲಿಯೂ ಬಲ ಇಳಿಯುತ್ತಲೇ ಇರುತ್ತದೆ. ಹೊರಗಿನ ಸೆಕೆಯಲ್ಲಿಟ್ಟರೆ ಕೋಶಗಳು ತಮ್ಮೊಳಗಿನ ಆಹಾರವನ್ನೇ ಉರಿಸಿ ತಾವೇ ಬಿಸಿಯಾಗತೊಡಗುತ್ತವೆ; ಒಂದೆರಡು ದಿನಗಳಲ್ಲಿ ಗಟ್ಟಿ ಯೀಸ್ಟ್ ಮೆತ್ತಗಾಗಿ ಕೆಟ್ಟ ವಾಸನೆ ಬೀರುತ್ತದೆ. ಬೆಂಗಳೂರಿನಿಂದಲೋ ದಾವಣಗೆರೆಯಿಂದಲೋ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆ ನಿಲ್ದಾಣದ ಬಿಸಿಲಿನಲ್ಲಿ ಅರ್ಧ ದಿನ ಕುಳಿತರೆ, ಆಮೇಲೆ ಎಷ್ಟು ಒಳ್ಳೆಯ ಫ್ರಿಜ್ಜಿನಲ್ಲಿಟ್ಟರೂ ಹೋದ ಬಲ ಮರಳದು. ಹಸಿ ಯೀಸ್ಟನ್ನೇ ನೆಚ್ಚಿರುವವರು ಐಸಿಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕಳುಹಿಸಬೇಕೆಂದು ವಿತರಕರಲ್ಲಿ ಒತ್ತಾಯಿಸಬೇಕು. ಪೆಟ್ಟಿಗೆ ಬಿಚ್ಚಿದೊಡನೆ ಪರೀಕ್ಷಿಸಬೇಕು: ಒಳ್ಳೆಯ ಯೀಸ್ಟ್ ಕೆನೆಬಣ್ಣದ್ದಾಗಿ, ಕೈಯಲ್ಲಿ ಮುರಿದರೆ ಪುಡಿಪುಡಿಯಾಗಿ ಒಡೆಯುತ್ತದೆ. ಅಂಚು ಕಂದಾಗಿದ್ದರೆ, ಅಂಟಾಗಿದ್ದರೆ, ಅಮೋನಿಯಾದಂಥ ಘಾಟಿದ್ದರೆ ಅಂದೇ ಹಿಂದಿರುಗಿಸತಕ್ಕದ್ದು. ಮಾರನೆಯ ದಿನ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಇಷ್ಟಾಗಿಯೂ ಹಸಿ ಯೀಸ್ಟಿನ ಪರವಾಗಿ ಒಂದು ಮಾತು ಹೇಳಲೇಬೇಕು. ತಾಜಾ ಇದ್ದಾಗ ಅದು ಬೇಗ ಕೆಲಸ ಆರಂಭಿಸುತ್ತದೆ, ತಣ್ಣೀರಿಗೂ ಹೆದರುವುದಿಲ್ಲ. ದಿನವೂ ಮೂಟೆಗಟ್ಟಲೆ ಕಲಸುವ, ವಾರಕ್ಕೆರಡು ಬಾರಿ ತಾಜಾ ಸರಬರಾಜು ಪಡೆಯುವ, ವಿದ್ಯುತ್ ಕಡಿತವಾದರೆ ಜನರೇಟರ್ ಇರುವ ಬೇಕರಿಗೆ ಅದು ಯೋಗ್ಯವೇ. ದಿನಕ್ಕೆ ಅರ್ಧ ಮೂಟೆ ಕಲಸುವ, ಒಂದೇ ಫ್ರಿಜ್ಜಿನಲ್ಲಿ ಕೇಕಿನ ಕ್ರೀಮು, ತಂಪು ಪಾನೀಯಗಳ ಜೊತೆಗೆ ಯೀಸ್ಟನ್ನೂ ತುರುಕುವ ಅಂಗಡಿಗೆ ಇನ್‌ಸ್ಟಂಟ್ ಯೀಸ್ಟೇ ಕ್ಷೇಮವೆಂಬುದು ಈ ಲೇಖಕನ ಅಭಿಪ್ರಾಯ. ನಿರ್ವಾತದಲ್ಲಿ ಮುಚ್ಚಿದ ಪೊಟ್ಟಣ ಸುಮಾರು ಎರಡು ವರ್ಷ ಬಾಳುತ್ತದೆ. ಇಟ್ಟಿಗೆಯಂತೆ ಗಟ್ಟಿಯಾಗಿರಬೇಕಾದ ಪೊಟ್ಟಣ ಮೆತ್ತಗಿದ್ದರೆ ಗಾಳಿ ಹೊಕ್ಕಿದೆ ಎಂದರ್ಥ, ಅಂಥದ್ದನ್ನು ಕೊಳ್ಳಬಾರದು. ಬಿಚ್ಚಿದ ಬಳಿಕ ಗಾಳಿಯಾಡದ ಡಬ್ಬಿಯಲ್ಲಿ ತಂಪಿನಲ್ಲಿಟ್ಟು ಆದಷ್ಟು ಬೇಗ ಮುಗಿಸಬೇಕು.

ಒಣ ಯೀಸ್ಟಿನಲ್ಲಿಯೂ ಸಿಹಿ ಹಿಟ್ಟಿಗೆ ಬೇರೆ, ಸಪ್ಪೆ ಹಿಟ್ಟಿಗೆ ಬೇರೆ ಎಂಬ ಭೇದವಿದೆ. 1898ರಲ್ಲಿ ಹಾಸನ ಸೀಮೆಯಿಂದ ಹೋದ ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭಿಸಿದಂದಿನಿಂದ ಬೆಳೆದು ಬಂದ ಅಯ್ಯಂಗಾರ್ ಬೇಕರಿ ಪರಂಪರೆಯಲ್ಲಿ ಸಿಹಿ ಬನ್ನು, ದಿಲ್‌ಪಸಂದ್, ಖಾರ ಬನ್ನು ಎಲ್ಲವೂ ಒಂದೇ ಒಲೆಯಿಂದ ಇಳಿಯುತ್ತವೆ. ಆದರೆ ಮೈದಾದ ತೂಕದ ಶೇ. 10ಕ್ಕಿಂತ ಹೆಚ್ಚು ಸಕ್ಕರೆಯಿರುವ ಹಿಟ್ಟಿನಲ್ಲಿ ಸಕ್ಕರೆಯು ಕೋಶದ ನೀರನ್ನು ಹೊರಗೆಳೆಯುವುದರಿಂದ ಸಾಮಾನ್ಯ ಯೀಸ್ಟ್ ಸೊರಗುತ್ತದೆ. ಇದನ್ನು ತಾಳಬಲ್ಲ ತಳಿಗಳನ್ನು ತಯಾರಕರು ಬೇರೆ ಬಣ್ಣದ ಪೊಟ್ಟಣದಲ್ಲಿ ಮಾರುತ್ತಾರೆ. ಸಿಹಿ ಬನ್ನು ಉಬ್ಬಲು ತಡವಾಗುತ್ತಿದೆಯೆಂದು ಯೀಸ್ಟಿನ ಪ್ರಮಾಣವನ್ನೇ ಇಮ್ಮಡಿಗೊಳಿಸುವವರಿದ್ದಾರೆ. ಅದರಿಂದ ಬನ್ನಿಗೆ ಯೀಸ್ಟಿನ ವಾಸನೆ ಅಡರುತ್ತದೆಯೇ ಹೊರತು ಪರಿಹಾರವಲ್ಲ. ಪೊಟ್ಟಣ ಬದಲಿಸಿದರೆ ಸಾಕು. ಬೂಷ್ಟು ತಡೆಯಲು ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಕೂಡ ಯೀಸ್ಟನ್ನು ಸ್ವಲ್ಪ ಮಂದಗೊಳಿಸುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಇನ್ನು ಬೇಸಿಗೆಯಲ್ಲಿ ಬರುವ ಬಹುಪಾಲು ದೂರುಗಳ ಮೂಲ ಯೀಸ್ಟಲ್ಲ, ನೀರು. ಕಲಸಿದ ಹಿಟ್ಟಿನ ಉಷ್ಣತೆ 27 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಇದಕ್ಕೆ ಸರಳ ಸೂತ್ರವಿದೆ: ಬೇಕಾದ ಉಷ್ಣತೆಯನ್ನು ಮೂರರಿಂದ ಗುಣಿಸಿ, ಅದರಿಂದ ಮೈದಾದ ಉಷ್ಣತೆ, ಕೋಣೆಯ ಉಷ್ಣತೆ ಮತ್ತು ಯಂತ್ರದ ತಿರುಗಾಟದಿಂದ ಏರುವ ಉಷ್ಣತೆಯನ್ನು ಕಳೆದರೆ ಬಳಸಬೇಕಾದ ನೀರಿನ ಉಷ್ಣತೆ ದೊರೆಯುತ್ತದೆ. ಬೇಸಿಗೆಯಲ್ಲಿ ಮೈದಾ 32, ಕೋಣೆ 34, ಯಂತ್ರದ್ದು 8 ಎಂದಿಟ್ಟುಕೊಂಡರೆ 81ರಿಂದ 74 ಕಳೆದು ಉಳಿಯುವುದು 7 ಡಿಗ್ರಿ, ಅಂದರೆ ಐಸ್ ಬೆರೆಸಿದ ನೀರು. ಚಳಿಗಾಲದಲ್ಲಿ ಮೈದಾವೂ ಕೋಣೆಯೂ 22 ಇದ್ದರೆ 29 ಡಿಗ್ರಿಯ ಉಗುರುಬೆಚ್ಚಗಿನ ನೀರು ಬೇಕು. ವರ್ಷವಿಡೀ ಒಂದೇ ನಲ್ಲಿಯ ನೀರನ್ನು ಸುರಿಯುವವರಿಗೆ ಬನ್ನು ಒಂದೇ ರೀತಿ ಬರುವುದಾದರೂ ಹೇಗೆ?

ಇಲ್ಲಿಯೇ ಇನ್ನೊಂದು ತೊಡಕಿದೆ. ಇನ್‌ಸ್ಟಂಟ್ ಯೀಸ್ಟಿನ ಒಣ ಕೋಶಗಳಿಗೆ ಐಸ್ ನೀರು ನೇರವಾಗಿ ತಾಗಿದರೆ ಅವುಗಳ ಪೊರೆ ಸರಿಯಾಗಿ ಚೇತರಿಸಿಕೊಳ್ಳುವ ಮೊದಲೇ ಒಳಗಿನ ಸತ್ತ್ವ ಸೋರಿಹೋಗುತ್ತದೆ. ಹಾಗೆ ಸೋರಿದ ಗ್ಲುಟಾಥಯೋನ್ ಎಂಬ ವಸ್ತು ಹಿಟ್ಟಿನ ಅಂಟನ್ನೂ ಸಡಿಲಗೊಳಿಸುತ್ತದೆ. ಹಿಟ್ಟು ಉಬ್ಬದು, ಜೊತೆಗೆ ಜಿಗುಟಾಗುತ್ತದೆ. ಬೇಕರಿಯವರು ಯೀಸ್ಟ್ ಕಳಪೆಯೆಂದು ವಿತರಕರೊಡನೆ ಜಗಳಕ್ಕಿಳಿಯುತ್ತಾರೆ. ಈ ಲೇಖಕನೂ ಒಂದು ಬೇಸಿಗೆಯಲ್ಲಿ ಹೀಗೆಯೇ ಮೂರು ಪೊಟ್ಟಣ ಹಿಂದಿರುಗಿಸಿ, ತಪ್ಪು ತನ್ನದೇ ಎಂದು ಆಮೇಲೆ ಅರಿತದ್ದುಂಟು. ಪರಿಹಾರ ಸುಲಭ: ಮೊದಲು ಯೀಸ್ಟನ್ನು ಒಣ ಮೈದಾದೊಡನೆ ಒಂದು ನಿಮಿಷ ತಿರುಗಿಸಿ, ಅನಂತರ ತಣ್ಣೀರು ಸೇರಿಸಬೇಕು. ನೀರು ತೀರ ತಣ್ಣಗಿದ್ದರೆ ಹಿಟ್ಟು ಅರ್ಧ ಕಲಸಿದ ಮೇಲೆಯೇ ಯೀಸ್ಟ್ ಉದುರಿಸುವುದು ಮೇಲು. ಉಪ್ಪು ಯೀಸ್ಟಿನ ಮೇಲೆ ರಾಶಿಯಾಗಿ ಬೀಳದಂತೆಯೂ ನೋಡಿಕೊಳ್ಳಬೇಕು.

ದ್ರವ ಯೀಸ್ಟಿನ ಲಾಭವನ್ನು ಸಣ್ಣ ಬೇಕರಿಯೂ ಒಂದು ಮಟ್ಟಿಗೆ ಪಡೆಯಬಹುದು. 100 ಕಿಲೋ ಮೈದಾ ಕಲಸುವವರು ಹಿಂದಿನ ರಾತ್ರಿ ಅದರಲ್ಲಿ 20 ಕಿಲೋ ಮೈದಾ, 20 ಲೀಟರ್ ನೀರು ಮತ್ತು ಕೇವಲ 20 ಗ್ರಾಂನಷ್ಟು ಇನ್‌ಸ್ಟಂಟ್ ಯೀಸ್ಟ್ ಬೆರೆಸಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೆಳಗಿನ ಹೊತ್ತಿಗೆ ನೊರೆಯೆದ್ದ ದ್ರವ ಹುದುಗು ಸಿದ್ಧವಾಗಿರುತ್ತದೆ. ಪಾತ್ರೆಯಲ್ಲಿ ಮೂರು ಪಾಲು ಜಾಗ ಖಾಲಿ ಇರಬೇಕು. ಇದನ್ನು ಉಳಿದ 80 ಕಿಲೋಗೆ ಸೇರಿಸಿದಾಗ ಮುಖ್ಯ ಯೀಸ್ಟಿನ ಪ್ರಮಾಣವನ್ನು ತಗ್ಗಿಸಬಹುದು, ಬ್ರೆಡ್ಡಿಗೆ ರುಚಿಯೂ ಹೆಚ್ಚು. ಮೊದಲ ವಾರ ಅರ್ಧ ಮೂಟೆಯಲ್ಲಷ್ಟೇ ಪ್ರಯೋಗಿಸಿ ನೋಡಬೇಕು. ರಾತ್ರಿಯೂ ಸೆಕೆಯಿರುವ ತಿಂಗಳುಗಳಲ್ಲಿ ಯೀಸ್ಟನ್ನು ಅರ್ಧಕ್ಕಿಳಿಸಬೇಕು, ಇಲ್ಲವೇ ತಡರಾತ್ರಿ ಬೆರೆಸಬೇಕು. ಮೀರಿ ಹುದುಗಿದರೆ ಹುಳಿಯಾಗಿ ಹಿಟ್ಟು ನೀರೊಡೆಯುತ್ತದೆ.

ಯಾವುದನ್ನೇ ಕೊಂಡರೂ ಹೊಸ ಪೆಟ್ಟಿಗೆಯನ್ನು ದೊಡ್ಡ ಕಲಸಿಗೆ ಬಳಸುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿಕೊಳ್ಳುವುದು ಉಚಿತ. 100 ಗ್ರಾಂ ಮೈದಾ, 60 ಮಿಲಿಲೀಟರ್ ನೀರು, 1 ಗ್ರಾಂ ಇನ್‌ಸ್ಟಂಟ್ ಅಥವಾ ಎರಡೂವರೆ ಗ್ರಾಂ ಹಸಿ ಯೀಸ್ಟ್ ಕಲಸಿ ನೇರ ಗೋಡೆಯ ಗಾಜಿನ ಲೋಟದಲ್ಲಿ ಒತ್ತಿ, ಮಟ್ಟಕ್ಕೆ ಗುರುತು ಹಾಕಿ, ಎರಡು ಪಟ್ಟಾಗಲು ಹಿಡಿದ ನಿಮಿಷಗಳನ್ನು ಬರೆದಿಡಬೇಕು. ಪಕ್ಕದಲ್ಲಿ ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಹಳೆಯ ಪೊಟ್ಟಣದ ಯೀಸ್ಟಿನಿಂದಲೂ ಅಂಥದೇ ಒಂದು ಲೋಟ ಇರಲಿ. ಎರಡೂ ಒಂದೇ ಸೆಕೆಯಲ್ಲಿ ಇರುವುದರಿಂದ ಗಡಿಯಾರಕ್ಕಿಂತ ಈ ಹೋಲಿಕೆಯೇ ನಂಬಿಕೆಗೆ ಅರ್ಹ. ಹೊಸದು ಹಳೆಯದಕ್ಕಿಂತ ಬಹಳ ಹಿಂದುಳಿದರೆ ಪೆಟ್ಟಿಗೆಯ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಎರಡು ಲೋಟಗಳ ನಿಮಿಷಗಳನ್ನು ಬಿಲ್ಲಿನ ಬೆನ್ನಿಗೆ ಬರೆದು ಅಂದೇ ವಿತರಕರಿಗೆ ತಿಳಿಸಬೇಕು. ಜಾತ್ರೆ, ಹಬ್ಬಗಳ ಸರಕಿಗೆ ಈ ಪರೀಕ್ಷೆಯನ್ನು ಕನಿಷ್ಠ ನಾಲ್ಕು ದಿನ ಮುಂಚಿತವಾಗಿ ಮುಗಿಸಿದರೆ ಬದಲಿ ಪೆಟ್ಟಿಗೆ ತರಿಸಲು ಸಮಯ ಉಳಿಯುತ್ತದೆ.